ಮೌನ ಹಿಡಿಯುವ ವಾಯ್ ಲೂನ್

ಪಾಡ್‌ಕಾಸ್ಟ್ ಮಾಡುವ ವಾಯ್ ಲೂನ್ ತವರದ ಗಣಿಗಳ ನಮ್ಮ ಕಂಪಾರ್ ಊರಿನ ಕೇರಿಗೆ ಬಂದನೆಂದರೆ ಮೊದಲು ನಿಲ್ಲುವುದು ಫ್ಯಾನು, ಆಮೇಲೆ ಒಲೆಯ ಮೇಲಿನ ಚಹಾ, ಅದರ ಹಿಂದೆಯೇ ನನ್ನ ಮಧ್ಯಾಹ್ನದ ನಿದ್ದೆ. ಸೊಂಟಮಟ್ಟ ಹೊಳೆಯಲ್ಲಿ ನಿಂತು ಮರಿಗೆಯಲ್ಲಿ ತವರದ ಅದಿರಿನ ಮರಳು ಜಾಲಿಸಿದ ನನ್ನಂಥ ಹೆಂಗಸರ ಕತೆ ಯಾವ ಪುಸ್ತಕದಲ್ಲೂ ಇಲ್ಲವಂತೆ. ಅದನ್ನೆಲ್ಲ ಇವನೇ ಊರಿಗೆ ಕೇಳಿಸಬೇಕಂತೆ. ಮೈಕನ್ನು ಬಾಯಿಗೆ ತುತ್ತಿಡುವ ಹಾಗೆ ಹಿಡಿಯುತ್ತಾನೆ. ಹೊರಗೊಂದು ಮೋಟಾರ್‌ಸೈಕಲ್ಲು ಹೋಯಿತೋ, "ಅಜ್ಜಿ, ಇನ್ನೊಂದ್ಸಲ ಹೇಳಿ" ಎನ್ನುತ್ತಾನೆ. ನಾನು ಮಾತಿನಲ್ಲೇ ಮತ್ತೆ ಹೊಳೆಗೆ ಇಳಿಯಬೇಕು. ಬೆವರಿ ಬೇಸತ್ತು "ನಾಳೆ ಬಾರೋ" ಅಂದರೂ ಕದಲುವುದಿಲ್ಲ. ಮಾತೆಲ್ಲ ಮುಗಿದ ಮೇಲೆ, ಕತ್ತರಿಸಿದ ಮಾತಿನ ನಡುನಡುವೆ ತೇಪೆ ಹಾಕಲಿಕ್ಕೆಂದು, ಕೋಣೆಯ ಬರೀ ಮೌನವನ್ನೂ ಒಂದಿಷ್ಟು ಹಿಡಿದುಕೊಳ್ಳುತ್ತಾನೆ. "ಇಷ್ಟು ವರ್ಷ ಸುಮ್ನೇ ಇದ್ವಲ್ಲೋ, ಅದು ಸಾಲ್ದಾ?" ಎಂದು ಮೊನ್ನೆ ಪಕ್ಕದ ಮನೆಯ ಯೋಕ್ ಲಾನ್ ಕೆಣಕಿದಳು. ಅವನು ನಗಲಿಲ್ಲ. ತನ್ನ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದ. ಗಡಿಯಾರದ ಸದ್ದು, ಯಾರದೋ ಉಬ್ಬಸದ ಉಸಿರು, ಅಷ್ಟೇ. "ನಮ್ಮಜ್ಜೀದು. ಅವ್ರೂ ನಿಮ್ಮ ಹಾಗೇ ಮರಳು ಜಾಲಿಸ್ತಿದ್ರು. ಆಗೆಲ್ಲ ನಾನು ಮೌನಾನ ಮೊದ್ಲೇ ಹಿಡೀತಿದ್ದೆ. ಅದು ಮುಗಿಯೋ ಹೊತ್ಗೆ ಅಜ್ಜಿ, 'ಸುಸ್ತಾಯ್ತು ಮಗಾ, ಮಾತು ನಾಳೆ' ಅಂದ್ರು. ಬೆಳಗ್ಗೆ ಹೋದ್ರೆ ಅಜ್ಜೀನೇ ಇರ್ಲಿಲ್ಲ." ಇವತ್ತು ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದಾನೆ. ನನಗೂ ಸುಸ್ತಾಗಿದೆ, ಆದರೂ ಎದ್ದು ಹೋಗಿ ನಾನೇ ಫ್ಯಾನು ನಿಲ್ಲಿಸಿದೆ.