ಸತ್ತವನ ಉಸಿರು

ಮೊದಲು ಬಿಚ್ಚಿಡುವುದು ಗಡಿಯಾರ, ಆಮೇಲೆ ಬನಿಯನ್ನು, ಕೊನೆಗೆ ಕನ್ನಡಕ. ಕನ್ನಡಕವನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು ನನ್ನ ಹಟ. ತೆಗೆದ ಕೂಡಲೇ ಎದುರಿನ ಕುಂತಿಬೆಟ್ಟ ಬೂದಿಯ ಗುಪ್ಪೆಯಾಗುತ್ತದೆ. ಪಕ್ಕದಲ್ಲಿ ನಿಂತವರ ಮುಖಕ್ಕೆ ಮೂಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೊಯ್ಸಳರ ಕಾಲದ ಕಾಲಾಳಾಗಬೇಕೆಂದರೆ ನಾನು ಅರ್ಧ ಕುರುಡನಾಗಲೇಬೇಕು.

ಇದೊಂದು ಹವ್ಯಾಸ. ಹಾಗೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳ ಒಂದಿಷ್ಟು ಜನ ಬಿಡುವಾದ ಭಾನುವಾರಗಳಲ್ಲಿ ಒಂದು ಕಡೆ ಸೇರುತ್ತೇವೆ. ಎಂಟುನೂರು ವರ್ಷದ ಹಿಂದಿನ ಸೈನಿಕರ ಹಾಗೆ ಉಟ್ಟು, ಅವರ ಹಾಗೆ ಕತ್ತಿ ಗುರಾಣಿ ಹಿಡಿದು, ಅವರು ತಿಂದಿರಬಹುದಾದ್ದನ್ನು ತಿಂದು, ಸಂಜೆ ಬಸ್ಸು ಹಿಡಿದು ಮನೆಗೆ ಹೋಗುತ್ತೇವೆ. ನಾಟಕವಲ್ಲ, ನೋಡುವವರು ಬೇಕಿಲ್ಲ. ದಾರಿಯಲ್ಲಿ ಹೋಗುವವರು ಯಾವ ಸೀರಿಯಲ್ಲು ಎಂದು ಕೇಳುತ್ತಾರೆ. ಒಮ್ಮೆ ಶ್ರೀರಂಗಪಟ್ಟಣದ ಕೋಟೆಯ ಹತ್ತಿರ ನಿಂತಿದ್ದಾಗ ಒಬ್ಬರು, ದಸರಾ ಇನ್ನೂ ದೂರ ಇದೆಯಲ್ಲ ಎಂದು ಮರುಕದಿಂದ ಹೇಳಿ ಹೋದರು. ಆ ಊರಲ್ಲಿ ಕತ್ತಿ ಹಿಡಿದವನಿಗೆ ಫಿರಂಗಿಯ ಕಾಲ ಬಿಟ್ಟರೆ ಬೇರೆ ಕಾಲವೇ ಇಲ್ಲ. ಭಾವನ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಈ ಗುಂಪನ್ನು ಕಟ್ಟಿದವನು ಅವನೇ. ಪಾಂಡವಪುರದ ಪಕ್ಕದ ಊರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದು ನಿವೃತ್ತನಾದ. ಲೋಡಿನ ನಡುವೆ ಕಲ್ಲು, ಮಣ್ಣು, ಒದ್ದೆ ಸೋಗೆ ಎಲ್ಲಿ ಅಡಗಿದೆ ಎಂದು ಹುಡುಕುತ್ತ ಬಂದ ಕಣ್ಣನ್ನು ಆಮೇಲೆ ನಮ್ಮ ಮೇಲೆ ಬಿಟ್ಟ. ನಿಯಮ ಒಂದೇ. ಹೊಸಹೊಳಲಿನ ಹೊಯ್ಸಳರ ಗುಡಿಯ ಗೋಡೆಯ ಮೇಲೋ, ಸುತ್ತಲಿನ ಯಾವುದಾದರೂ ವೀರಗಲ್ಲಿನ ಮೇಲೋ ಕಾಣದ್ದು ನಮ್ಮ ಮೈಮೇಲೂ ಇರಕೂಡದು.

ಹೊಲಕ್ಕೆ ಇಳಿಯುವ ಮುಂಚೆ ಸಾಲಾಗಿ ನಿಲ್ಲಿಸಿ ತಪಾಸಣೆ. ಗಡಿಯಾರದ ಪಟ್ಟಿ ಬಿಟ್ಟ ಬಿಳಿ ಗುರುತಿಗೆ ಮಣ್ಣು ಉಜ್ಜಬೇಕು. ಚಡ್ಡಿಯ ಎಲಾಸ್ಟಿಕ್ಕು ಕಚ್ಚೆಯ ಮೇಲೆ ಇಣುಕಿದರೆ ವಾಪಸ್ಸು. ಲಸಿಕೆ ಚುಚ್ಚಿದ ಗುರುತು ಎಲ್ಲರ ತೋಳಿನಲ್ಲೂ ಇದೆ, ಅದನ್ನು ತೋಳುಬಂದಿ ಮುಚ್ಚುತ್ತದೆ. ಕಲ್ಲಿನ ಸೈನಿಕರೂ ತೋಳುಬಂದಿ ಕಟ್ಟಿರುವುದು ನಮ್ಮ ಪುಣ್ಯ. ನಾಗಮಂಗಲದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟವನೊಬ್ಬ ಮುಂದಿನ ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡಿದ್ದ. ಭಾವ ಅವನ ಬಾಯಿ ತೆಗೆಸಿ ನೋಡಿ, "ನೀನು ಇನ್ನು ನಗಂಗಿಲ್ಲ ಕಣ್ಲಾ, ಸೋತೋರ ಕಡೆ ಓಗು" ಎಂದು ಎದುರು ಸಾಲಿಗೆ ದೂಡಿದ. ಅಂದಿನಿಂದ ಅವನು ಸೋಲುತ್ತಲೇ ಇದ್ದಾನೆ.

ಅಡುಗೆ ಅಕ್ಕನದು. ಮುದ್ದೆಗೆ ತೊಂದರೆಯಿಲ್ಲ. ಸಾರಿಗೆ ಮೆಣಸಿನಕಾಯಿ ಇಲ್ಲ, ಟೊಮೇಟೊ ಇಲ್ಲ. ಕಾಳುಮೆಣಸು, ಹುಣಸೆಹಣ್ಣು ಅಷ್ಟೆ. ಬಡಿಸುವಾಗ ಅಕ್ಕ ಹೇಳುತ್ತಿದ್ದಳು: "ಈ ಸಾರು ಉಣ್ಣಕ್ಕಾಗ್ದೆನೇ ಅವರೆಲ್ಲ ಯುದ್ಧಕ್ಕೆ ಓಗಿರದು."

ಇಷ್ಟು ಬರೆದು ಅನುಮಾನ ಬಂತು. ಆ ಮಾತು ಅಕ್ಕನದೋ, ನಾನೇ ಎಂದೋ ಆಡಿ ಅವಳ ಬಾಯಿಗೆ ಹಾಕಿದ್ದೋ. ಕಲ್ಲಿನ ಮೇಲಿಲ್ಲದ್ದನ್ನು ಒಪ್ಪದ ಗುಂಪಿನಲ್ಲಿ ಇಷ್ಟು ಕಾಲ ಇದ್ದೇನೆ, ನನ್ನ ನೆನಪಿನ ಒಂದು ವಾಕ್ಯಕ್ಕೂ ಕಲ್ಲಿನ ಆಧಾರ ಇಲ್ಲ. ಅಕ್ಕನನ್ನು ಕೇಳಿದರೆ, ನಾನಂದಿದ್ದಲ್ಲ ನಿಮ್ಮ ಭಾವ ಅಂದಿದ್ದು ಎನ್ನುತ್ತಾಳೆ. ಇರಲಿ. ಮುಂದೆ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಒಂದು ಬೇಸಿಗೆಯಲ್ಲಿ ಭಾವನಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಎದೆ ಸೀಳಿ ಆಪರೇಷನ್ನು ಮಾಡಿದರು; ಕಾಲಿನಿಂದ ನರ ತೆಗೆದು ಹೃದಯಕ್ಕೆ ಹಾಕಿದರು. ನಾನು ನೋಡಲು ಹೋದಾಗ ಹಾಸಿಗೆಯ ಮೇಲೆ ಕೂತು ಪ್ಲಾಸ್ಟಿಕ್ಕಿನ ಆಟದ ಸಾಮಾನಿನಂಥದ್ದೊಂದನ್ನು ಬಾಯಲ್ಲಿಟ್ಟುಕೊಂಡು ಎಳೆಯುತ್ತಿದ್ದ. ಉಸಿರು ಎಳೆದರೆ ಅದರೊಳಗಿನ ಮೂರು ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಒಂದೂ ಏಳುತ್ತಿರಲಿಲ್ಲ. ಎಳೆದು ಎಳೆದು ಸುಸ್ತಾಗಿ ಅದನ್ನು ಪಕ್ಕಕ್ಕಿಟ್ಟು, ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಗಂಟಲ ಗುಳಿಯಿಂದ ಹೊಟ್ಟೆಯ ಮೇಲಿನವರೆಗೆ ನೆಟ್ಟಗೆ ಒಂದು ಗೆರೆ.

"ನೋಡ್ದಾ," ಎಂದ. "ಇನ್ನು ನಾನು ತಪಾಸಣೇಲಿ ಪಾಸಾಗಕಿಲ್ಲ."

ಬದುಕಿ ಬಂದವನು ಮೊದಲು ಯೋಚಿಸಿದ್ದು ಅದನ್ನು. ನನಗೆ ನಗು ಬಂತು, ನಕ್ಕೆ. ಅವನು ನಗಲಿಲ್ಲ.

ಚೇತರಿಸಿಕೊಂಡ ಮೇಲೆ ಭಾನುವಾರಗಳಿಗೆ ಬರತೊಡಗಿದ. ಅಂಗಿ ತೊಟ್ಟುಕೊಂಡೇ ನಮ್ಮ ತಪಾಸಣೆ ಮಾಡುತ್ತಿದ್ದ, ನಾವು ಹೊಲಕ್ಕೆ ಇಳಿದರೆ ಅವನು ಬದುವಿನ ಮೇಲೆಯೇ ನಿಲ್ಲುತ್ತಿದ್ದ. ಮನೆಗೆ ಹೋದ ಮೇಲೆ ಎರಡು ದಿನ ಮಾತಿಲ್ಲ, ಊಟ ಅರ್ಧ. ಅಕ್ಕ ಬೆಳಗೊಳಕ್ಕೆ, ನನ್ನ ಮನೆಗೇ ಬಂದಳು. ಎಂದೂ ಆ ಕತ್ತಿ ಗುರಾಣಿಯನ್ನು ಮೆಚ್ಚದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎಂಗಾರ ಮಾಡಿ ಒಳೀಕೆ ಸೇರಿಸ್ಕಳಪ್ಪ, ಆ ಮನುಷ್ಯ ಬದುವಿನ ಮ್ಯಾಲೆ ನಿಂತ್ಕಂಡೇ ಸಾಯ್ತದೆ" ಎಂದಳು. ಈ ಮಾತು ಮಾತ್ರ ಅವಳದೇ. ಅವಳೂ ಒಪ್ಪುತ್ತಾಳೆ, ಒಪ್ಪಿ ಅಳುತ್ತಾಳೆ.

ನಾನು ಹೋಗಿ ಭಾವನ ಎದುರು ಕೂತೆ.

"ಮೇಲಂಗಿ ಹಾಕ್ಕೊ ಬಾವ. ಗಾಯ ಕಾಣಲ್ಲ."

"ಮೇಲಂಗಿ ಇರದು ಕುದುರೆ ಮೇಲಿರೋರಿಗೆ. ಕುದುರೆ ತತ್ತೀಯೇನ್ಲಾ?"

ಹಾಗಾದರೆ ಕತ್ತಿಯ ಏಟು ಎಂದು ಇಟ್ಟುಕೊಳ್ಳೋಣ, ಸೈನಿಕನ ಮೈಮೇಲೆ ಗಾಯದ ಗುರುತು ಇರುವುದಿಲ್ಲವೇ ಎಂದೆ. ಇದನ್ನು ಬಸ್ಸಿನಲ್ಲಿ ಬರುತ್ತಲೇ ಜೋಡಿಸಿಕೊಂಡಿದ್ದೆ. ಭಾವ ಅಂಗಿಯ ಗುಂಡಿ ಬಿಚ್ಚಿ ಗೆರೆಯ ಮೇಲೆ ಬೆರಳು ಎಳೆದ.

"ಎದೆ ಇಷ್ಟು ನೆಟ್ಟಗೆ ಸೀಳಿಸ್ಕಂಡೋನು ಆ ಕಾಲ್ದಲ್ಲಿ ಬದುಕಿರ್ತಿದ್ನೇನ್ಲಾ?"

ನಮ್ಮೆಲ್ಲರ ಸುಳ್ಳನ್ನು ಮಣ್ಣು ಮೆತ್ತಿ ಮುಚ್ಚಬಹುದು. ಅವನ ವಿಷಯದಲ್ಲಿ ಸುಳ್ಳಾಗಿದ್ದು ಗೆರೆಯಲ್ಲ, ಅವನು ಜೀವಂತವಾಗಿ ಕೂತು ಮಾತಾಡುತ್ತಿದ್ದುದೇ.

ಕೆಲವು ವಾರ ಕಳೆದು ಫೋನು ಮಾಡಿದ. ಗೆಲುವಾಗಿದ್ದ. ದಾರಿ ಸಿಕ್ಕಿತು, ಸತ್ತವನಾಗುತ್ತೇನೆ ಎಂದ.

ವೀರಗಲ್ಲು ನೋಡಿದವರಿಗೆ ಗೊತ್ತಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ವೀರ ಕಾದುತ್ತಿರುತ್ತಾನೆ, ಮೇಲಿನವುಗಳಲ್ಲಿ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ನಾವು ಮಾಡುತ್ತಿದ್ದದ್ದು ಕೆಳಗಿನ ಪಟ್ಟಿಯನ್ನು ಮಾತ್ರ. ಅದರಲ್ಲಿ ವೀರನ ಕಾಲ ಬುಡದಲ್ಲಿ ಬಿದ್ದವರೂ ಇರುತ್ತಾರೆ. ಬಿಸಿಲಲ್ಲಿ ನೆಲಕ್ಕೆ ಬೆನ್ನು ಕೊಡಲು ಯಾರಿಗೂ ಮನಸ್ಸಿಲ್ಲದೆ ಅವರನ್ನು ಬಿಟ್ಟುಬಿಟ್ಟಿದ್ದೆವು. ಈಗ ಒಬ್ಬ ಸಿಕ್ಕ, ಅದೂ ಎದೆ ಸೀಳಿರುವವನು. ಗೆರೆಗೆ ಕೆಂಪು ಹಚ್ಚಿದರೆ ಅದೇ ಅವನನ್ನು ಕೊಂದ ಗಾಯ. ಇಡೀ ಗುಂಪಿನಲ್ಲಿ ಅವನಷ್ಟು ಸರಿಯಾದವನು ಇನ್ನೊಬ್ಬನಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ನಾಲೆಯ ಪಕ್ಕದ ಒಂದು ಹೊಲದಲ್ಲಿ ಅಂಥ ಕಲ್ಲಿದೆ. ಕೊಯ್ಲು ಮುಗಿದಿತ್ತು. ಹೊಲದ ಯಜಮಾನ ಪ್ರೀತಿಯಿಂದ ತನ್ನ ಹಸುವನ್ನೂ ಹೊಡೆದುಕೊಂಡು ಬಂದ: ಕಪ್ಪು ಬಿಳಿಯ ಎಚ್ಚೆಫ್ಫು ಸೀಮೆಹಸು, ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ಕಿನ ಓಲೆ. ಈ ತಳಿ ಆಗ ಇರಲಿಲ್ಲ, ಇದನ್ನು ಕದಿಯಲು ಯಾರೂ ಬರುತ್ತಿರಲಿಲ್ಲ ಎಂದು ಭಾವ ವಿನಯವಾಗಿಯೇ ಹೇಳಿದ. ಯಜಮಾನನಿಗೆ ಕೋಪ ಬಂತು. "ಇಂಥ ಹಾಲು ಕೊಡ ಹಸೂನ ಯಾವ ಕಾಲದ ಕಳ್ಳ ಬುಟ್ಟಾನು?" ಎಂದು ಅದನ್ನು ದೂರದ ಹೊಂಗೆಮರಕ್ಕೆ ಕಟ್ಟಿ, ಅದರ ಬೆನ್ನು ಸವರುತ್ತ ನಿಂತ.

ಕೆಂಪಿಗೆ ಅಂಗಡಿಯ ಬಣ್ಣ ಆಗದು. ಅಕ್ಕ ಅರಿಶಿನದ ನೀರಿಗೆ ಸುಣ್ಣ ಕಲಸಿ ತಂದಿದ್ದಳು. ಆಸ್ಪತ್ರೆಯಿಂದ ಬಂದ ದಿನ ಬಾಗಿಲಲ್ಲಿ ನಿಲ್ಲಿಸಿ ಅವನಿಗೆ ನಿವಾಳಿಸಿದ್ದೂ ಇದೇ ಕೆಂಪು ನೀರು. ಅವನು ಅಂಗಾತ ಮಲಗಿದ. ಅವಳು ಬೆರಳು ಅದ್ದಿ ಗೆರೆಯ ಉದ್ದಕ್ಕೂ ಹಚ್ಚಿದಳು. ತಣ್ಣಗಿದೆ ಎಂದು ಅವನೆಂದ, ಸುಮ್ಮನಿರು ಎಂದು ಅವಳೆಂದಳು, ಅಥವಾ ಇಬ್ಬರೂ ಏನೂ ಅನ್ನಲಿಲ್ಲ.

ನಾನು ಕನ್ನಡಕ ತೆಗೆದು ಅವನ ತಲೆಯ ಹತ್ತಿರ ಗುರಾಣಿ ಹಿಡಿದು ನಿಂತೆ. ಕಾದಾಟ ಶುರುವಾಯಿತು. ಕತ್ತಿಗೆ ಕತ್ತಿ ತಾಗುವ ಸದ್ದು ನನ್ನ ಸುತ್ತ ಎಲ್ಲೆಲ್ಲಿಂದಲೋ ಬರುತ್ತಿತ್ತು. ಮುಂದೆ ನೋಡಬೇಕಾದ ನಾನು ಕೆಳಗೆ ನೋಡುತ್ತಿದ್ದೆ. ಕಂದು ಬಣ್ಣ, ನಡುವೆ ಕೆಂಪು. ಅದು ಏಳುತ್ತಿದೆಯೋ ಇಳಿಯುತ್ತಿದೆಯೋ, ಏನೂ ಆಗುತ್ತಿಲ್ಲವೋ ತಿಳಿಯಲಿಲ್ಲ.

"ಬಾವ," ಎಂದೆ ಮೆಲ್ಲಗೆ, "ಉಸುರಾಡ್ತಿದ್ದೀಯಾ?"

ಸತ್ತವರು ಉತ್ತರ ಕೊಡುವುದಿಲ್ಲ. ಅವನಂತೂ ಕೊಡುವವನೇ ಅಲ್ಲ. ಕೈಯಲ್ಲಿ ಗುರಾಣಿ, ಕತ್ತಿ. ಕಾಲಿನಿಂದ ತಟ್ಟಿ ನೋಡಬಹುದಿತ್ತು. ಅಕ್ಕನ ಗಂಡನಿಗೆ ಕಾಲು ತಾಗಿಸುವುದು ಹೇಗೆ? ಹಾಗೆಯೇ ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ, ಗಡಿಯಾರವೂ ಇರಲಿಲ್ಲ.

ಕಾದಾಟ ಮುಗಿದಾಗ ಅವನೇ ಎದ್ದು ಕೂತ. ಬೆನ್ನಿನ ತುಂಬ ಮಣ್ಣು. ಆಪರೇಷನ್ನಿನ ನಂತರ ಅಷ್ಟು ಸಂತೋಷವಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನನ್ನ ಉಸುರು ಕಾಣ್ತಿತ್ತೇನ್ಲಾ?"

"ಕನ್ನಡ್ಕ ನೀನೇ ತೆಗ್ಸಿದ್ದೀಯಲ್ಲ ಬಾವ. ನಂಗೇನು ಕಂಡಾತು?"

ಅವನು ಯೋಚಿಸಿದ. ಅದು ನ್ಯಾಯವಾದ ಮಾತು ಎನ್ನಿಸಿರಬೇಕು. "ಅಂಗಾರೆ ನೀನು ಆಚೀಕೆ ಬಂದ್ಬುಡು. ಕನ್ನಡ್ಕ ಹಾಕ್ಕಂಡು ಬದುವಿನ ಮ್ಯಾಲೆ ನಿಂತ್ಕ. ಕಂಡ್ರೆ ಕಂಡ್ತು ಅನ್ನು."

ಹೀಗೆ ಅವನು ಒಳಗೆ ಸೇರಿದ, ನಾನು ಬದುವಿಗೆ ಬಂದೆ.

ಒಂದು ವಿಷಯ ಇಲ್ಲಿಯೇ ಹೇಳಬೇಕು. ಆ ಮೊದಲ ದಿನವನ್ನು ಈಗ ನೆನೆದರೆ ಅವನ ಎದೆ ನನಗೆ ನಿಚ್ಚಳವಾಗಿ ಕಾಣುತ್ತದೆ. ಪಕ್ಕೆಲುಬು, ಕೆಂಪು ಒಣಗಿ ಬಿರಿದ ಜಾಗ, ಅಂಚಿನಲ್ಲಿ ಹತ್ತುತ್ತಿರುವ ಒಂದು ಇರುವೆ. ಇದೆಲ್ಲ ಸಾಧ್ಯವೇ ಇಲ್ಲ. ಆಮೇಲಿನ ಯಾವುದೋ ಭಾನುವಾರದ್ದನ್ನು ತಂದು ನೆನಪು ಅಲ್ಲಿ ಅಂಟಿಸಿದೆ, ಆ ದಿನದ ನನ್ನ ಕಣ್ಣಿಗೆ ಕನ್ನಡಕ ಹಾಕಿಬಿಟ್ಟಿದೆ. ತಪಾಸಣೆ ಮಾಡಿದರೆ ಈ ಬರಹವೂ ವಾಪಸ್ಸು.

ಮುಂದಿನ ಸಲ ಬದುವಿನ ಮೇಲೆ ನಿಂತು ನೋಡಿದೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅಷ್ಟು ದೂರಕ್ಕೂ ಕಾಣುತ್ತಿತ್ತು. ನನ್ನ ಜೀವಕ್ಕೆ ನೆಮ್ಮದಿಯಾಯಿತು, ಆ ನೆಮ್ಮದಿಯಲ್ಲಿ ನಿಜ ಹೇಳಿಬಿಟ್ಟೆ. ಅವನ ಮುಖ ಬಾಡಿತು. ಇಲ್ಲ ಅನ್ನಲು ನಿನಗೇನಾಗಿತ್ತು ಎಂದು ಅಕ್ಕ ಬೈದಳು. ಅದರ ಮುಂದಿನ ಸಲ ಕಂಡರೂ ಕಾಣಲಿಲ್ಲ ಎಂದೆ. ಭಾವ ನನ್ನನ್ನು ಕಬ್ಬಿನ ಲೋಡು ನೋಡುವ ಹಾಗೆ ನೋಡಿ, ಇದು ಅಕ್ಕ ಕಲಿಸಿದ ಮಾತು ಎಂದ.

ಕಂಡಿತು ಎಂದರೆ ಇನ್ನೂ ಅಭ್ಯಾಸ ಮಾಡುತ್ತಾನೆ. ಕಾಣಲಿಲ್ಲ ಎಂದರೆ ಸುಳ್ಳು ಎಂದು ಇನ್ನೂ ಅಭ್ಯಾಸ ಮಾಡುತ್ತಾನೆ. ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಸಾಮಾನನ್ನು ಮತ್ತೆ ಹೊರಗೆ ತೆಗೆದಿದ್ದಾನೆ. ಈಗ ಒಂದೇ ಎಳೆತಕ್ಕೆ ಮೂರೂ ಏಳುತ್ತವೆ. ಆಮೇಲೆ ಹಜಾರದಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಆ ಉಸಿರನ್ನು ಎಳೆ ಎಳೆಯಾಗಿ ಬಿಡುತ್ತಾನಂತೆ. ಅಕ್ಕ ಅವನನ್ನು ದಾಟಿಕೊಂಡು ಹೋಗಲಾರದೆ ಹಿತ್ತಲ ಕಡೆಯಿಂದ ಸುತ್ತಿ ಅಡುಗೆಮನೆಗೆ ಬರುತ್ತಾಳೆ. ಡಾಕ್ಟರನ್ನೇ ಕೇಳಿದಳು. ಉಸಿರು ಬಿಗಿಹಿಡಿಯುವುದು ಬೇಡ ಎಂದರು. ಬಿಗಿಹಿಡಿಯುವುದಿಲ್ಲ, ಸಣ್ಣ ಮಾಡುತ್ತೇನೆ ಎಂದ ಭಾವ. ಅವೆರಡರ ನಡುವಿನ ವ್ಯತ್ಯಾಸವನ್ನು ಹಿಡಿದು ಅವನೊಡನೆ ಜಗಳವಾಡಲು ನಮ್ಮಿಬ್ಬರಿಗೂ ಆಗಲಿಲ್ಲ. ನಿಲ್ಲಿಸು ಎಂದು ಒಮ್ಮೆ ಗಟ್ಟಿಯಾಗಿಯೇ ಹೇಳಿದೆ. ಆ ಭಾನುವಾರ ಅಂಗಿ ತೊಟ್ಟು ಬದುವಿನ ಮೇಲೆ ನನ್ನ ಪಕ್ಕದಲ್ಲಿ ನಿಂತ. ಮತ್ತೆ ಎರಡು ದಿನ ಮಾತಿಲ್ಲ, ಊಟ ಅರ್ಧ. ಮೂರನೆಯ ದಿನ ಅಕ್ಕನೇ ಫೋನು ಮಾಡಿ, ಮಲಗಿದರೆ ಮಲಗಲಿ ಬಿಡು ಎಂದಳು.

ಹೋದ ಭಾನುವಾರ ಅದೇ ಕಲ್ಲಿನ ಹತ್ತಿರ ಇದ್ದೆವು. ಹೊಲದ ಯಜಮಾನ ಈ ಸಲ ಹಸುವನ್ನು ತರಲಿಲ್ಲ. ಅಕ್ಕ ಕೆಂಪು ಹಚ್ಚಿ ಬದುವಿಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಕಾದಾಟ ಶುರುವಾಯಿತು. ನಾನು ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡು ನೋಡಿದೆ. ಬಿಸಿಲು ಚೆನ್ನಾಗಿತ್ತು, ಯಾರೂ ಅಡ್ಡ ಇರಲಿಲ್ಲ. ಎದೆ ಅಲುಗಲಿಲ್ಲ. ಕಣ್ಣು ಕಿರಿದು ಮಾಡಿ ಹೊಟ್ಟೆಯನ್ನು ನೋಡಿದೆ, ಗಂಟಲಿನ ಗುಳಿಯನ್ನು ನೋಡಿದೆ. ಏನೂ ಇಲ್ಲ. ಅವನು ಬಯಸಿದ್ದು ಇದೇ. ಕೂಗಿದರೆ ಇಷ್ಟು ದಿನದ ಅಭ್ಯಾಸ ಹಾಳು, ಕೂಗದಿದ್ದರೆ.

ಅಕ್ಕನ ಕಡೆ ತಿರುಗಿದೆ. ಅವಳು ಹೊಲದ ಕಡೆ ನೋಡುತ್ತಲೇ ಇರಲಿಲ್ಲ. ಅಷ್ಟು ದೂರ ಅವಳಿಗೆ ಕಾಣುವುದೂ ಇಲ್ಲ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಬಹುಶಃ ಮೊದಲಿನಿಂದಲೂ ಅದನ್ನೇ ನೋಡುತ್ತಿದ್ದಳು. ಆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಅವನು ಏಳುವವರೆಗೆ, ನಾನೂ ಉಸಿರು ಸಣ್ಣ ಮಾಡಿಕೊಂಡು ನಿಂತಿದ್ದೆ.