ಘಾಲಾದ ಅಂಗಳದಲ್ಲಿ ಅಲ್ಬೇನಿಯಾ

ನನ್ನ ಗಂಡನಿಗೆ ಮಸ್ಕತ್ತಿನಿಂದ ಸೊಹಾರಿಗೆ ವರ್ಗವಾದ ವರ್ಷ ನಾನು ಕಾರು ಕಲಿಯಲೇಬೇಕಾಯಿತು. ಅವರು ಗುರುವಾರ ಸಂಜೆ ಅಲ್ ಖುವೈರಿನ ಮನೆಗೆ ಬಂದು ಶನಿವಾರ ಹೊರಟುಬಿಡುತ್ತಿದ್ದರು. ಉಳಿದ ದಿನ ಮಗಳ ಶಾಲೆ, ನನ್ನ ಕೆಲಸ, ತರಕಾರಿ ಎಲ್ಲಕ್ಕೂ ಟ್ಯಾಕ್ಸಿಯೇ ಗತಿ. ನಾನು ಘಾಲಾದ ಒಂದು ಗ್ಯಾರೇಜಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದೆ. ಇಡೀ ದಿನ ಕಾರುಗಳ ನಡುವೆ ಇರುವವಳು ಡ್ರಮ್ ಟೆಸ್ಟಿನಲ್ಲಿ ಮತ್ತೆ ಫೇಲಾಗಿ ಬಂದಾಗ ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತೇನೋ.

ಇಲ್ಲಿ ಲೈಸೆನ್ಸ್ ಬೇಕೆಂದರೆ ಪೊಲೀಸರ ಎದುರು, ನಿಲ್ಲಿಸಿಟ್ಟ ಡ್ರಮ್ಮುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಒಂದಕ್ಕೆ ತಾಗಿದರೂ ಖಲಾಸ್. ನನಗೆ ಕನ್ನಡಿಯಲ್ಲಿ ಡ್ರಮ್ಮು ಕಂಡರೆ ಸಾಕು, ಬ್ರೇಕು ಯಾವುದೆಂದೇ ಮರೆತುಹೋಗುತ್ತಿತ್ತು.

ಬಿಡಿಭಾಗಗಳ ಸ್ಟೋರಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿಯೊಬ್ಬರಿದ್ದರು. ಊರಿನವರೆಂಬ ಸಲಿಗೆ ನಮ್ಮಲ್ಲಿತ್ತು. "ಎಂತಕ್ಕೆ ಹೆದರುದು ನೀವು? ಡ್ರಮ್ಮಿಗೆ ಜೀವ ಉಂಟಾ, ಎದ್ದು ಬರ್ಲಿಕ್ಕೆ?" ಎಂದವರೇ ಸೀದಾ ಹೋಗಿ ಫೋರ್‌ಮನ್ನಿಗೆ ವಿಷಯ ಮುಟ್ಟಿಸಿದರು.

ನಮ್ಮ ಫೋರ್‌ಮನ್ ಅಲ್ಬೇನಿಯಾದವರು. ಐವತ್ತರ ಆಸುಪಾಸಿನ, ಮಿತಭಾಷಿ ಮನುಷ್ಯ. ಅವರ ಇಂಗ್ಲಿಷಿನೊಳಗೆ ಘಾಲಾದ ಹಿಂದಿ, ಅರಬಿ ಎಲ್ಲ ಸೇರಿಕೊಂಡಿದ್ದವು. "ಶುಕ್ರವಾರ ಬೆಳಿಗ್ಗೆ ಬಾ" ಎಂದಷ್ಟೇ ಹೇಳಿದರು.

ಶುಕ್ರವಾರ ಗ್ಯಾರೇಜಿಗೆ ರಜೆ. ಹೋಗಿ ನೋಡಿದರೆ ಹಿಂದಿನ ಅಂಗಳದಲ್ಲಿ ಖಾಲಿ ಎಣ್ಣೆ ಡ್ರಮ್ಮುಗಳನ್ನು ಟೆಸ್ಟಿನಲ್ಲಿರುವಂತೆಯೇ ಜೋಡಿಸಿದ್ದರು. ಸ್ಟೋರಿನವರೂ ಅವರ ಹೆಂಡತಿಯೂ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಬಿಸಿ ಅಕ್ಕಿರೊಟ್ಟಿ, ಅವರ ಮಾತಿನಲ್ಲಿ ಪತ್ತಿರ್, ಹಿಡಿದುಕೊಂಡು ನೆರಳಲ್ಲಿ ಕೂತಿದ್ದರು. ಗ್ಯಾರೇಜಿನ ಹಳೆ ಕಾರನ್ನು ಹಿಂದಕ್ಕೆ ತಂದು ಮೊದಲ ಸಲವೇ ಡ್ರಮ್ಮೊಂದನ್ನು ಉರುಳಿಸಿದೆ. ನಲವತ್ತು ದಾಟಿದ ಮೇಲೆ ಇದೆಲ್ಲ ಆಗುವುದಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಕಿಟಕಿಯ ಪಕ್ಕ ನಿಂತಿದ್ದ ಫೋರ್‌ಮನ್ ಕೈ ಚಾಚಿ ಎಂಜಿನ್ ಆಫ್ ಮಾಡಿದರು. "ನಾನು ಕಲಿಯುವಾಗ ಹೇಳಿಕೊಡಲು ಇಡೀ ಊರಿನಲ್ಲಿ ಒಬ್ಬನೂ ಇರಲಿಲ್ಲ" ಎಂದರು.

ಅವರ ಯೌವನದಲ್ಲಿ ಅಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಪಕ್ಷದ ಆಡಳಿತ. ಸಾಮಾನ್ಯರು ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. ಇದ್ದ ಕೆಲವು ಕಾರುಗಳು ಸರ್ಕಾರದವು, ಪಕ್ಷದ ದೊಡ್ಡವರು ಓಡಾಡಲು. ಅವರು ಟ್ರ್ಯಾಕ್ಟರ್ ದುರಸ್ತಿಯ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಆಡಳಿತ ಸಡಿಲಾಗಿ ಆ ಕಾನೂನು ಹೋದದ್ದೇ ತಡ, ಅವರ ತಂದೆ, ಚಿಕ್ಕಪ್ಪ ಸೇರಿ ಗ್ರೀಸಿನ ಗಡಿಯಾಚೆಯಿಂದ ಒಂದು ಹಳೆಯ ಜರ್ಮನ್ ಕಾರು ತರಿಸಿದರು. ತಂದವನು ಕೀಲಿ ಕೊಟ್ಟು ಹೋದ. ಬಿಡಲು ಯಾರಿಗೂ ಬರುತ್ತಿರಲಿಲ್ಲ.

"ಅಪ್ಪ ದಿನಾ ಸಂಜೆ ಕೋಟು ಹಾಕಿ ಕಾರಿನಲ್ಲಿ ಹೋಗಿ ಕೂರುತ್ತಿದ್ದರು. ಸ್ಟಾರ್ಟ್ ಮಾಡುತ್ತಿರಲಿಲ್ಲ. ಅಮ್ಮ ಕಾಫಿಯನ್ನು ಅಲ್ಲಿಗೇ ತಂದುಕೊಡುತ್ತಿದ್ದಳು."

"ನೀವು ಹೇಗೆ ಕಲಿತಿರಿ?"

"ಹೊಲದಲ್ಲಿ. ಬ್ರೇಕಿಗಿಂತ ಹೆಚ್ಚು ದೇವರನ್ನೇ ನಂಬಿದ್ದೆ. ದೇವರಿಗೂ ಆಗಷ್ಟೇ ಪರ್ಮಿಶನ್ ಸಿಕ್ಕಿತ್ತು."

ನಾನು ನಕ್ಕುಬಿಟ್ಟೆ. ಅಲ್ಲಿ ಪ್ರಾರ್ಥನೆಯೂ ನಿಷಿದ್ಧವಾಗಿತ್ತೆಂದು ಅವರು ಆಮೇಲೆ ವಿವರಿಸಿದರು. "ಯಲ್ಲಾ, ನಡಿ, ಇನ್ನೊಮ್ಮೆ."

ಹೀಗೆ ಎಷ್ಟೋ ಶುಕ್ರವಾರಗಳು ಕಳೆದವು. ನಾನು ಕಾರು ಹಿಂದಕ್ಕೆ ತರುವುದು, ಅವರು ಕಿಟಕಿಯ ಪಕ್ಕ ನಡೆಯುತ್ತಾ ಕೈಸನ್ನೆ ಮಾಡುವುದು, ಬಿಸಿಲೇರಿದ ಮೇಲೆ ನಾಲ್ವರೂ ನೆರಳಲ್ಲಿ ಕೂತು ಪತ್ತಿರ್ ತಿನ್ನುವುದು. ಆ ಹೊತ್ತಿನಲ್ಲಿ ಫೋರ್‌ಮನ್ ತಮ್ಮ ಊರಿನ ಮಾತೆತ್ತುತ್ತಿದ್ದರು. ಹಿಂದೆ ಸಂಜೆಯಾದರೆ ಪೇಟೆಯ ಜನವೆಲ್ಲ ದೊಡ್ಡ ರಸ್ತೆಯ ನಟ್ಟನಡುವೆ, ತೋಳಿಗೆ ತೋಳು ಸೇರಿಸಿ, ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆಯುತ್ತಿದ್ದರಂತೆ. ಹೆಂಡತಿಯನ್ನು ಅವರು ಮೊದಲು ಕಂಡದ್ದೂ ಆ ನಡಿಗೆಯಲ್ಲೇ. ಕಾರುಗಳು ಬಂದ ಮೇಲೆ ಜನ ರಸ್ತೆಯ ಅಂಚಿಗೆ ಸರಿದರು. ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು. ಜೊತೆಗೆ ನಡೆಯುತ್ತಿದ್ದ ಗೆಳೆಯರೆಲ್ಲ ಗ್ರೀಸ್, ಇಟಲಿ ಎಂದು ಹರಿದು ಹಂಚಿಹೋದರು. ಅವರೂ ಮೊದಲು ಗ್ರೀಸಿಗೆ ಹೋಗಿ, ಆಮೇಲೆ ಮಸ್ಕತ್ತಿಗೆ ಬಂದದ್ದು.

"ಹಳೇ ದಿನಗಳೇ ಒಳ್ಳೇದಿತ್ತು ಅಂತೀರಾ?" ಎಂದು ಸ್ಟೋರಿನವರ ಹೆಂಡತಿ ಹಿಂದಿಯಲ್ಲಿ ಕೇಳಿದರು.

ಫೋರ್‌ಮನ್ ಅಡ್ಡಡ್ಡ ತಲೆಯಾಡಿಸಿದರು. "ಇಲ್ಲ. ನನ್ನ ಮಾವ ಒಂದು ಮಾತಾಡಿದ್ದಕ್ಕೆ ಜೈಲಿಗೆ ಹೋದವರು. ಒಳ್ಳೇದಿರಲಿಲ್ಲ. ನನಗೆ ಆ ನಡಿಗೆ ಮಾತ್ರ ಬೇಕು."

ನಾನು ಪಾಸಾದೆ. ಪೊಲೀಸ್ ಅಧಿಕಾರಿ ಕಾಗದಕ್ಕೆ ಸಹಿ ಹಾಕುವಾಗಲೂ ನನಗೆ ನಂಬಿಕೆ ಬಂದಿರಲಿಲ್ಲ. ಮುಂದಿನ ಶುಕ್ರವಾರ ಮಗಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಮೂವರನ್ನು ಹಿಂದೆ ಕೂರಿಸಿ, ಬರ್ಕಾ ಪಟ್ಟಣದವರೆಗೆ ನಾನೇ ಕಾರು ಬಿಟ್ಟೆ. ಗಂಡ ದಾರಿಯುದ್ದಕ್ಕೂ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಪೇಟೆಯಲ್ಲಿ ಹಲ್ವಾ ಕೊಂಡು, ಕಡಲ ಬದಿಗೆ ಹೋಗಿ ಕೂತೆವು.

ಅಲ್ಲಿ ಫೋರ್‌ಮನ್ ತಮ್ಮ ತಂದೆಯನ್ನು ಆ ಜರ್ಮನ್ ಕಾರಿನಲ್ಲಿ ಕೂರಿಸಿಕೊಂಡು ಹೋದ ಮೊದಲ ಪ್ರಯಾಣದ ಕಥೆ ಹೇಳಿದರು. ಅದು ಚುನಾವಣೆಯ ದಿನ. ಹಳೆಯ ಪಕ್ಷ ಸೋತುಹೋದದ್ದು ಆ ಚುನಾವಣೆಯಲ್ಲೇ. ಮತಗಟ್ಟೆ ಮನೆಯ ಹಿಂದಿನ ಶಾಲೆಯಲ್ಲಿ. ಆದರೂ ಕಾರಿನಲ್ಲೇ ಹೋಗಬೇಕೆಂದು ತಂದೆಯ ಹಟ. ಅಜ್ಜಿಯನ್ನು ಮುಂದೆ ಕೂರಿಸಿ, ಹೊಂಡದ ದಾರಿಯಲ್ಲಿ ಸುತ್ತುಬಳಸಿ ಹೊರಟರೆ, ನಡೆದು ಹೋದ ನೆರೆಯವರೇ ಮೊದಲು ತಲುಪಿದ್ದರು.

"ಓಟು ಹಾಕಿ ಬಂದ ಅಪ್ಪ ಅಲ್ಲಿದ್ದ ಮೇಷ್ಟ್ರನ್ನು ಯಾರು ಗೆಲ್ಲುತ್ತಾರೆ ಅಂತ ಕೇಳಿದರು. ಗೊತ್ತಿಲ್ಲ ಅಂದರು ಮೇಷ್ಟ್ರು. ಅದುವರೆಗೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿಲ್ಲದ ಚುನಾವಣೆ ನಮ್ಮಲ್ಲಿ ನಡೆದೇ ಇರಲಿಲ್ಲ. ಗೊತ್ತಿಲ್ಲವಂತೆ, ಗೊತ್ತಿಲ್ಲವಂತೆ ಅಂತ ಅಪ್ಪ ಮನೆ ಮುಟ್ಟುವವರೆಗೆ ನಗುತ್ತಲೇ ಇದ್ದರು. ಆಮೇಲೆ ಅವರ ಪಿಂಚಣಿ ಬ್ರೆಡ್ಡಿಗೂ ಸಾಲದಾಯಿತು. ಆದರೂ ಆ ದಿನದ ಮಾತು ಬಂದರೆ ಮುಖ ಅರಳುತ್ತಿತ್ತು."

ನಾನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಊರಲ್ಲಿ ಒಮ್ಮೆಯೂ ಓಟು ಹಾಕಿದ್ದಿಲ್ಲ ಎಂಬುದು ನೆನಪಾಯಿತು. ಸ್ಟೋರಿನವರು ಹಲ್ವಾದ ಕೊನೆಯ ತುಂಡನ್ನು ಫೋರ್‌ಮನ್ನಿನ ಕಡೆಗೆ ಸರಿಸಿದರು.

ಕೆಲವು ವರ್ಷಗಳಲ್ಲಿ ಫೋರ್‌ಮನ್ ಅಲ್ಬೇನಿಯಾದ ತಮ್ಮ ಊರಿಗೆ ಹಿಂತಿರುಗಿ, ಕಡಲ ಕಡೆಗೆ ಹೋಗುವ ರಸ್ತೆಯಲ್ಲಿ ಸಣ್ಣ ಗ್ಯಾರೇಜು ತೆರೆದರು. ಈಗ ಅಲ್ಲಿಗೆ ಪ್ರವಾಸಿಗಳು ಬಹಳ, ಕೈತುಂಬ ಕೆಲಸ. ಹಬ್ಬಕ್ಕೆ ಫೋನ್ ಮಾಡುತ್ತಾರೆ. ಇಲ್ಲಿ ನಮ್ಮ ಗ್ಯಾರೇಜಿನ ಅಂಗಳಕ್ಕೆ ಮಾಲೀಕರು ಶೀಟು ಹೊದಿಸಿ ಗೋದಾಮು ಮಾಡಿದ್ದಾರೆ. ಮೊನ್ನೆ ಫೋರ್‌ಮನ್ ಜೊತೆ ಮಾತಾಡಿ ಫೋನಿಟ್ಟ ಮೇಲೆ ಸ್ಟೋರಿನವರು ಕೌಂಟರಿಗೆ ಒರಗಿ ಹೇಳಿದರು: "ಒಮ್ಮೆ ಹೋಗಿ ಬರುವ ಮಾರಾಯ್ರೆ, ಅವರಲ್ಲಿಗೆ."

"ಯಾವಾಗ?"

"ನಿಮ್ಮ ಯಜಮಾನರಿಗೆ ರಜೆ ಸಿಗ್ಲಿ. ನನ್ನವಳು ಈಗಲೇ ಸ್ವೆಟರ್ ತೆಗ್ದಿಟ್ಟಿದ್ದಾಳೆ."