ಮೂರನೇ ಕಚ್ಚಿನವರೆಗೆ

ಗುಡ್ರುನ್ ಪಂಜರ ಕೊಂಡು ತಂದದ್ದು ಒಂದು ಗುರುವಾರ. ತಳ ಹಳದಿ ಪ್ಲಾಸ್ಟಿಕ್ಕು, ಮೇಲೆ ಬಿಳಿ ಕಂಬಿ, ಒಳಗೆ ನೀಲಿ ಬಣ್ಣದ ಓಡುವ ಚಕ್ರ, ಪುಟ್ಟದೊಂದು ಏಣಿ. ಹೊರಗೆ ಅಂಟಿಸಿದ ಚೀಟಿಯಲ್ಲಿ ದುಂಡು ಕೆನ್ನೆಯ ಇಲಿಯಂಥ ಒಂದು ಹ್ಯಾಮ್‌ಸ್ಟರ್ ನಗುತ್ತಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ತೊಡೆಯ ಮೇಲೆ ಹಿಡಿಸುವಷ್ಟು ಚಿಕ್ಕದಾಗಿರುವುದು ಅವಳಿಗೆ ಆಗ ಅನುಕೂಲವೆಂದೇ ಕಂಡಿತ್ತು.

ಓಸ್ವಾಲ್ಡ್ ಬ್ರೆಡೆ ಹಳ್ಳಿಯ ತನ್ನ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕದ ಸೋಫಾದಲ್ಲಿ ಒರಗಿದ್ದ. ಶ್ವಾಸಕೋಶ ಕೈಕೊಟ್ಟು ಒಂದು ವರ್ಷವಾಗಿತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ಹುಡುಕಿಕೊಳ್ಳುತ್ತಿದ್ದ. ಕಿಟಕಿಯ ಕೆಳಗೆ, ಹಲಗೆ ಮತ್ತು ಗಾಜು ಜೋಡಿಸಿ ಅವನೇ ಮಾಡಿದ ಪೆಟ್ಟಿಗೆ. ಎರಡು ಮೀಟರ್ ಉದ್ದ, ಎತ್ತರ ಸೊಂಟದವರೆಗೆ, ಒಳಗೆ ಮುಕ್ಕಾಲು ಪಾಲು ಮರದ ಹೊಟ್ಟು ಮತ್ತು ಒಣಹುಲ್ಲು. ಅದರಲ್ಲಿ ಜೇನುಬಣ್ಣದ, ಮುಷ್ಟಿಗಾತ್ರದ ಒಂದು ಹೆಣ್ಣು ಹ್ಯಾಮ್‌ಸ್ಟರ್ ಇದೆಯೆಂದು ಬಂದವರು ನಂಬಬೇಕು, ಅಷ್ಟೆ. ಕಣ್ಣಾರೆ ಕಂಡವರು ಕಡಿಮೆ. ಓಸ್ವಾಲ್ಡ್ ಅದಕ್ಕೆ ಹೆಸರಿಟ್ಟಿರಲಿಲ್ಲ. ಗುಡ್ರುನ್ ಅದನ್ನು 'ನಿನ್ನ ಬಾಡಿಗೆಯವಳು' ಎನ್ನುತ್ತಿದ್ದಳು.

ಈ ಸಲದ ಹಿಮ ನೋಡಲು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ವಾರವೇ ಓಸ್ವಾಲ್ಡ್ ಗುಡ್ರುನಳನ್ನು ಕೇಳಿದ್ದ. "ಬಾಡಿಗೆಯವಳನ್ನ ನೀನು ಇಟ್ಕೋತೀಯಾ?" ಅವಳು ಹೂಂ ಅಂದಿದ್ದಳು. ಅರವತ್ತೆಂಟು ವರ್ಷದ ಗೆಳೆತನದಲ್ಲಿ ಅವನು ಕೇಳಿದ್ದು ಅದೊಂದೇ. ಆದರೆ ಅವಳು ಈಗಿರುವುದು ಪೇಟೆಯಲ್ಲಿ, ಕಾಂಕ್ರೀಟು ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಓಸ್ವಾಲ್ಡನ ಪೆಟ್ಟಿಗೆ ಆ ಮೆಟ್ಟಿಲಿನ ತಿರುವಿನಲ್ಲಿ ಹೊರಳುವುದಿಲ್ಲ. ಎರಡು ಸಲ ಅಳೆದು ನೋಡಿದ್ದಾಗಿತ್ತು. ಅದಕ್ಕೇ ಈ ಹಳದಿ ಪಂಜರ.

"ಹ್ಯಾಮ್‌ಸ್ಟರಿಗೆ ಇದೇ ಸರಿಯಾದ ಅಳತೆ ಅಂದ್ಲು ಅಂಗಡಿ ಹುಡುಗಿ," ಎಂದಳು ಗುಡ್ರುನ್.

"ಅವಳಿಗೆ ಯಾವ ಹ್ಯಾಮ್‌ಸ್ಟರ್ ಹೇಳ್ತಂತೆ?"

"ಶುರು ಮಾಡ್ಬೇಡ ನೀನು."

"ಆ ಕೋಲು ಕೊಡು."

ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ಕೋಲು. ಹೆಬ್ಬೆರಳು ಗಾತ್ರದ ಆಶ್ ಮರದ್ದು, ತುದಿಗೆ ಕಬ್ಬಿಣದ ಟೋಪಿ, ಗೇಣಿಗೊಂದರಂತೆ ಕೆತ್ತಿದ ಮೂರು ಕಚ್ಚು. ಓಸ್ವಾಲ್ಡ್ ಮಲಗಿದಲ್ಲಿಂದಲೇ ಅದನ್ನು ಕಂಬಿಗಳ ನಡುವೆ ಇಳಿಬಿಟ್ಟ. ಮೊದಲ ಕಚ್ಚು ಮುಟ್ಟುವ ಮೊದಲೇ ಟಕ್ ಎಂದು ಪ್ಲಾಸ್ಟಿಕ್ಕಿಗೆ ತಗುಲಿತು.

"ಇಲ್ಲಿ ಯಾರೂ ವಾಸ ಇಲ್ಲ," ಎಂದ.

ಗುಡ್ರುನ್ ಮುಖ ತಿರುಗಿಸಿದಳು. ಆ ಮಾತನ್ನು ಅವಳು ಮೊದಲು ಕೇಳಿದಾಗ ಇಬ್ಬರಿಗೂ ಹತ್ತು ವರ್ಷ.

ಮಾಗ್ಡೆಬುರ್ಗ್ ಊರಿನ ಪಶ್ಚಿಮಕ್ಕೆ ಹರಡಿರುವ ಆ ಕಪ್ಪುಮಣ್ಣಿನ ಬಯಲಿನಲ್ಲಿ ಆಗ ಗೋಧಿ ಕಟಾವಾದ ಮೇಲೆ ಹೊಲದ ತುಂಬ ಬಿಲಗಳು. ಹೊಲದ ಹ್ಯಾಮ್‌ಸ್ಟರ್ ಅಂಗಡಿಯ ಹ್ಯಾಮ್‌ಸ್ಟರಿಗಿಂತ ಮೂರು ಪಟ್ಟು ದೊಡ್ಡದು, ಹೊಟ್ಟೆ ಕಪ್ಪು, ಸಿಕ್ಕಿಬಿದ್ದರೆ ಎದ್ದು ನಿಂತು ಮನುಷ್ಯನ ಮೇಲೇ ಹಾರುವ ಸಿಟ್ಟಿನದು. ನೇರ ಕೆಳಗಿಳಿಯುವ ತೂತಿನಲ್ಲಿ ಓಸ್ವಾಲ್ಡ್ ಕೋಲು ಬಿಡುತ್ತಿದ್ದ. ಮೊದಲ ಕಚ್ಚಿಗೆ ನಿಂತರೆ ಅದು ಓಡಿ ಅಡಗಲು ತೋಡಿಟ್ಟ ಸುಳ್ಳುಬಿಲ: "ಇಲ್ಲಿ ಯಾರೂ ವಾಸ ಇಲ್ಲ, ಮುಂದೆ ನಡಿ." ಮೂರನೇ ಕಚ್ಚು ಮಣ್ಣಿನೊಳಗೆ ಮುಳುಗಿದರೆ ದನಿ ತಗ್ಗಿಸಿ, "ಮನೇಲಿದ್ದಾರೆ," ಎನ್ನುತ್ತಿದ್ದ. ಆಮೇಲೆ ಗುದ್ದಲಿ. ಗುಡ್ರುನ್ ಗೋಣಿಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದಳು.

ಗುದ್ದಲಿಯ ಕೆಳಗೆ ಒಂದು ಮನೆಯೇ ತೆರೆದುಕೊಳ್ಳುತ್ತಿತ್ತು. ಹುಲ್ಲು ಹಾಸಿದ ಮಲಗುವ ಕೋಣೆ, ಕೊಳಕಿಗೊಂದು ಮೂಲೆ, ಉಗ್ರಾಣ ಎರಡೋ ಮೂರೋ. ಒಂದರಲ್ಲಿ ಗೋಧಿ, ಇನ್ನೊಂದರಲ್ಲಿ ಬಟಾಣಿ, ಬೆರಕೆಯಾಗದ ಹಾಗೆ ಬೇರೆಬೇರೆ. ಓಸ್ವಾಲ್ಡನ ಅಪ್ಪ ಯುದ್ಧದ ಸೆರೆಶಿಬಿರದಿಂದ ತಂದ ಕಾಯಿಲೆಯಲ್ಲೇ ತೀರಿಕೊಂಡಿದ್ದ. ಅಮ್ಮ ಆ ಬಟಾಣಿಯನ್ನು ತೊಳೆದು ಬೇಯಿಸಿ ಚಳಿಗಾಲ ಕಳೆಯುತ್ತಿದ್ದಳು. ಚರ್ಮವನ್ನು ಸರ್ಕಾರದ ಖರೀದಿ ಕೇಂದ್ರದವರು ಕೊಳ್ಳುತ್ತಿದ್ದರು. ಹ್ಯಾಮ್‌ಸ್ಟರ್ ಬೆಳೆಗೆ ಪೀಡೆ ಎಂದು ಶಾಲೆಯಲ್ಲೂ ಪಾಠವಿತ್ತು. ಹಾಗಾಗಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ದೊಡ್ಡವನಾಗಿ ಅವನು ಊರಿನ ಸಾಮೂಹಿಕ ಬೇಸಾಯ ಸಂಘದಲ್ಲಿ ಬಡಗಿಯಾದ. ಗುಡ್ರುನ್ ಅಲ್ಲಿಯ ಗ್ರಂಥಾಲಯ ನೋಡಿಕೊಂಡಳು. ಆಗಸ್ಟ್ ಬಂದರೆ ಓಸ್ವಾಲ್ಡ್ ರಜೆ ಹಾಕಿ ಕೋಲು, ಬೋನು ಹೊತ್ತು ಹೊಲಕ್ಕೆ ಇಳಿಯುತ್ತಿದ್ದ. ಒಂದು ಬೇಸಿಗೆಯಲ್ಲಿ ಎಂಟುನೂರು ಹಿಡಿದದ್ದೂ ಉಂಟು. ಗುಡ್ರುನಳ ಮದುವೆಗೆ ಅವನು ಕೊಟ್ಟದ್ದು ಹ್ಯಾಮ್‌ಸ್ಟರ್ ಚರ್ಮದ ಒಳಪದರ ಹೊಲಿಸಿದ ಕೋಟು. ಅವಳು ಅದನ್ನು ಇಪ್ಪತ್ತು ಚಳಿಗಾಲ ತೊಟ್ಟಳು. ಅಂಥ ಬೆಚ್ಚನೆಯದು ಮತ್ತೆ ಸಿಗಲಿಲ್ಲ.

ದೇಶವನ್ನು ಎರಡಾಗಿ ಒಡೆದಿದ್ದ ಗೋಡೆ ಬಿದ್ದ ವರ್ಷದ ಆಗಸ್ಟಿನಲ್ಲಿ ಅವನು ಒಂಬತ್ತು ದಿನ ಹೊಲ ಸುತ್ತಿದ. ಅಷ್ಟು ಹೊತ್ತಿಗೆ ಕಟಾವಾದ ಮರುದಿನವೇ ದೊಡ್ಡ ಯಂತ್ರಗಳು ಆಳ ಉತ್ತುಬಿಡುತ್ತಿದ್ದವು. ಒಂಬತ್ತನೇ ದಿನ ಗುಡ್ರುನಳ ಗ್ರಂಥಾಲಯದ ಬಾಗಿಲಲ್ಲಿ ಬಂದು ನಿಂತ.

"ಏನೋ? ಚೀಲ ಎಲ್ಲಿ?"

"ಯಾರೂ ವಾಸ ಇಲ್ಲ," ಎಂದ. "ಎಲ್ಲೂ."

ಆಮೇಲೆ ಕೋಲು ಬಾಗಿಲ ಹಿಂದಿನ ಮೊಳೆ ಸೇರಿತು. ಆ ಚಳಿಗಾಲದಿಂದ ಗುಡ್ರುನ್ ಕೋಟನ್ನು ಹೊರತೆಗೆಯಲಿಲ್ಲ.

ಅರವತ್ತೈದು ದಾಟಿದ ಮೇಲೆ ಒಮ್ಮೆ ಓಸ್ವಾಲ್ಡ್ ಪಕ್ಕದ ಮನೆಯವರಲ್ಲಿ ಕಾಫಿಗೆ ಹೋದಾಗ, ಸಣ್ಣ ಪಂಜರದೊಳಗೆ ಒಂದು ಹ್ಯಾಮ್‌ಸ್ಟರ್ ಮೂಗಿನ ಕೂದಲು ಉದುರುವಷ್ಟು ಕಂಬಿ ಕಚ್ಚುತ್ತಿದ್ದುದನ್ನು ನೋಡಿದ. ಕಾಫಿ ಕುಡಿಯದೆ ಎದ್ದುಬಂದು ಹಲಗೆ ಕೊಯ್ಯಲು ಕೂತ. ಅದು ಅವನ ಮೊದಲ ಪೆಟ್ಟಿಗೆ. ಆಮೇಲೆ ಸುತ್ತಲ ಊರುಗಳಿಂದ ಜನ ಕೇಳಿಕೊಂಡು ಬರತೊಡಗಿದರು. ಎಲ್ಲರಿಗೂ ಅವನದು ಒಂದೇ ಪ್ರಶ್ನೆ: "ನಿಮಗೆ ಪಂಜರ ಅದನ್ನ ನೋಡೋಕೆ ಬೇಕಾ, ಅದು ಇರೋಕೆ ಬೇಕಾ?" ಉದ್ದ ಅಗಲ ಎಲ್ಲರೂ ಅಳೆದು ತರುತ್ತಿದ್ದರು. ಆಳ ಅಳೆದು ತಂದವರು ಒಬ್ಬರೂ ಇಲ್ಲ. ಕೂಲಿಗೆ ಪ್ಲಮ್ ಹಣ್ಣಿನ ಕೇಕು ತಂದರೆ ಸಾಕು.

ಹಳದಿ ಪಂಜರ ಮೇಜಿನ ಮೇಲೇ ಇತ್ತು. "ನನ್ನ ಮನೇಲಿ ಇರೋದು ಎರಡು ಕೋಣೆ," ಎಂದಳು ಗುಡ್ರುನ್. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು. "ಎಲ್ಲಿಡಲಿ ಹೇಳು? ತಲೆ ಮೇಲಾ?"

"ಪುಸ್ತಕದ ಕಪಾಟು ಎಷ್ಟುದ್ದ ಇದೆ?"

"ಗೋಡೆ ಪೂರ್ತಿ."

"ಹೂಂ," ಎಂದ ಓಸ್ವಾಲ್ಡ್. ಕಣ್ಣು ಮುಚ್ಚಿಕೊಂಡ.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಅವನನ್ನು ಮನಸಾರೆ ಬೈದಳು. ಆ ಕಪಾಟು ಅವಳ ಅಪ್ಪ ಮೇಷ್ಟರದ್ದು: ಓಕ್ ಮರ, ಜಾರುಗಾಜಿನ ಬಾಗಿಲು, ಒಂದೊಂದು ಭಾಗವೂ ಒಂದೂವರೆ ಮೀಟರ್ ಅಗಲ. ರಾತ್ರಿಯೂಟಕ್ಕೆ ಬ್ರೆಡ್ಡು ಕೊಯ್ಯುತ್ತ ಅದನ್ನೇ ನೋಡಿದಳು. ಕೆಳಗಿನ ಎರಡು ಅಡ್ಡಹಲಗೆ ತೆಗೆದರೆ ಎತ್ತರ ಸಿಗುತ್ತದೆ. ಗಾಜು ಕೆಳಗೆ ಭದ್ರವಾಗಿಯೇ ಇದೆ.

ಶುಕ್ರವಾರ, ಶನಿವಾರ ತರಕಾರಿ ತರುವ ಕೈಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬಸ್‌ನಿಲ್ದಾಣದ ಹಳೆಯ ಟೆಲಿಫೋನ್ ಗೂಡಿಗೆ ಒಯ್ದಳು. ಈಗ ಅದರಲ್ಲಿ ಫೋನಿಲ್ಲ. ಜನ ಬೇಡದ ಪುಸ್ತಕ ಅಲ್ಲಿಟ್ಟು ಬೇಕಾದ್ದು ಎತ್ತಿಕೊಂಡು ಹೋಗುತ್ತಾರೆ. ಇನ್ನು ಓದಲಾರೆ ಎಂದು ಗೊತ್ತಿದ್ದವನ್ನು ಮೊದಲು ಕೊಟ್ಟಳು. ಮತ್ತೆ ಓದಬೇಕೆಂದಿದ್ದವನ್ನು ಆಮೇಲೆ. ಹನ್ನೊಂದು ಸಲ ಓಡಾಡಿದಳು. ಕೆಳಗಿನ ಮನೆಯಾಕೆ ಫ್ರಾವ್ ಟ್ಸೀಮರ್ ಮೆಟ್ಟಿಲಲ್ಲಿ ತಡೆದು, "ಊರು ಬಿಟ್ಟು ಹೋಗ್ತಿದ್ದೀರಾ?" ಎಂದು ಕೇಳಿದರು.

"ಇಲ್ಲ ಮಾರಾಯ್ರೆ, ಬಾಡಿಗೆಗೆ ಕೊಡ್ತಿದ್ದೀನಿ."

ಹೊಟ್ಟು ಸುರಿಯುವ ಹೊತ್ತಿಗೆ ಓಸ್ವಾಲ್ಡನಿಗೆ ಫೋನು ಹಚ್ಚಿದಳು.

"ಸುರಿದು ತುಳಿ," ಎಂದ ಆ ಕಡೆಯಿಂದ. "ಮೆತ್ತಗಿದ್ರೆ... ಬಿಲ ಕುಸಿಯುತ್ತೆ. ನಡುವೆ ನಡುವೆ ಹುಲ್ಲು."

"ಅಪ್ಪನ ಕಪಾಟಿನೊಳಗೆ ನಿಂತು ತುಳೀಲಾ?"

"ಅರವತ್ತು ವರ್ಷ ಓದಿದ್ದು ಸಾಕು. ಈಗ ತುಳಿ."

ನಗು ಕೆಮ್ಮಾಗಿ ತಿರುಗಿತು. ಅದು ನಿಲ್ಲುವ ತನಕ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದೇ ನಿಂತಳು.

ಭಾನುವಾರ ಹಳ್ಳಿಗೆ ಹೋದಾಗ ಅವನು ಸೋಫಾದಿಂದ ಹಾಸಿಗೆಗೆ ಹೋಗಿದ್ದ. ಶುಶ್ರೂಷೆಗೆ ಬಂದಿದ್ದವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಬಾಡಿಗೆಯವಳು ಆಗಲೇ ಮುಚ್ಚಳವಿದ್ದ ಬಕೆಟ್ಟಿನೊಳಗೆ, ಓಸ್ವಾಲ್ಡನ ಹಳೆಯ ಅಂಗಿಯ ಕೆಳಗೆ ಸೇರಿಕೊಂಡಿದ್ದಳು.

"ಎಷ್ಟಾಯ್ತು ಆಳ?" ಎಂದ.

"ಟೇಪಿನಲ್ಲಿ ಐವತ್ತೇಳು ಸೆಂಟಿಮೀಟರ್."

"ಟೇಪು ಬಿಡು. ಕೋಲು ತಗೊಂಡು ಹೋಗು."

ಅವಳು ಕೋಲನ್ನು ಮೊಳೆಯಿಂದ ಇಳಿಸಿಕೊಂಡಳು. ಹಿಡಿಯುವ ಜಾಗ ಅವನ ಕೈಗೆ ತಕ್ಕಂತೆ ಸವೆದಿತ್ತು.

"ಗುಡ್ರುನ್. ಅವಳು ಮೂರು ದಿನ, ನಾಲ್ಕು ದಿನ... ಕಾಣಿಸೋದಿಲ್ಲ. ಹೊಸ ಜಾಗ. ಅಗೆದು ನೋಡ್ಬೇಡ."

"ನಾನ್ಯಾಕೋ ಅಗೀಲಿ?"

"ಎಲ್ರೂ ಅಗೀತಾರೆ." ಉಸಿರಿಗಾಗಿ ತುಂಬ ಹೊತ್ತು ಕಾದ. "ನಿನ್ನ ಪಾಲಿನದ್ದೂ ನಾನೇ ಅಗೆದಾಗಿದೆ."

ಅವಳು ಅವನ ಕಾಲಬಳಿಯ ಹೊದಿಕೆ ಸರಿಮಾಡಿದಳು. ಬುಧವಾರ ಬರುತ್ತೇನೆ ಎಂದಳು. ಭಾನುವಾರ ಸಂಜೆಯೇ ಮನೆಗೆ ಬಂದು ಕೋಲಿಟ್ಟು ನೋಡಿದಾಗ ಮೂರನೇ ಕಚ್ಚಿಗೆ ಎರಡು ಬೆರಳು ಕಡಿಮೆಯಿತ್ತು. ಇನ್ನೊಂದು ಮೂಟೆ ಸುರಿದು, ಮತ್ತೆ ತುಳಿದು, ಬಾಡಿಗೆಯವಳನ್ನು ಒಳಗೆ ಬಿಟ್ಟಳು. ಅದು ಮೂಲೆಗೆ ಓಡಿ ಎರಡು ನಿಮಿಷದಲ್ಲಿ ಹೊಟ್ಟಿನೊಳಗೆ ಮಾಯವಾಯಿತು.

ಮಂಗಳವಾರ ಬೆಳಿಗ್ಗೆ ಓಸ್ವಾಲ್ಡ್ ಹೋದ.

ಶುಕ್ರವಾರ ಮಣ್ಣು ಮಾಡಿದರು. ಹನ್ನೆರಡೋ ಹದಿಮೂರೋ ಜನ. ಅವರಲ್ಲಿ ಅವನಿಂದ ಪೆಟ್ಟಿಗೆ ಮಾಡಿಸಿಕೊಂಡವರೇ ಹೆಚ್ಚು. ಪಕ್ಕಕ್ಕೆ ರಾಶಿ ಹಾಕಿದ್ದ ಮಣ್ಣು ಮೇಲಿನಿಂದ ತಳದವರೆಗೂ ಕಪ್ಪಗಿತ್ತು, ಬೆರಳಿಗೆ ಬೆಣ್ಣೆಯಂತೆ ಅಂಟುತ್ತಿತ್ತು. ಈ ಮಣ್ಣನ್ನು ಇಷ್ಟು ಆಳಕ್ಕೆ ತೆರೆದದ್ದನ್ನು ಗುಡ್ರುನ್ ಹತ್ತು ವರ್ಷದವಳಾಗಿದ್ದಾಗಿನಿಂದ ನೋಡಿರಲಿಲ್ಲ. ಒಂದು ಹಿಡಿ ಹಾಕಿದಳು. ಕೈ ಒರೆಸಿಕೊಳ್ಳದೆ ಬಸ್ಸು ಹತ್ತಿದಳು.

ಮನೆಗೆ ಬಂದು ಮೊದಲು ನೋಡಿದ್ದು ಕಪಾಟನ್ನು. ಬಾಡಿಗೆಯವಳು ಇಳಿದುಹೋಗಿ ಐದು ದಿನ. ಇಟ್ಟ ಸೂರ್ಯಕಾಂತಿ ಬೀಜ ಇಟ್ಟಲ್ಲೇ, ಬಟಾಣಿ ಇಟ್ಟಲ್ಲೇ. ನೀರು ಇಳಿದಿತ್ತೋ ಇಲ್ಲವೋ, ಗುರುತು ಮಾಡಿಕೊಂಡಿರಲಿಲ್ಲ. ಸಂತಾಪ ಹೇಳಲು ಮೇಲೆ ಬಂದ ಫ್ರಾವ್ ಟ್ಸೀಮರ್ ಗಾಜಿನೊಳಗೆ ಇಣುಕಿದರು.

"ಸತ್ತಿರ್ಬೇಕು ಕಣ್ರೀ. ವಾಸನೆ ಬರೋದ್ರೊಳಗೆ ತೆಗೆದುಬಿಡಿ."

ಅವರು ಹೋದ ಮೇಲೆ ಗುಡ್ರುನ್ ಮೇಲಿನ ಗಾಜು ಸರಿಸಿ ತೋಳು ಮಡಚಿದಳು. ಒಂದು ವಾರವೂ ಇಟ್ಟುಕೊಳ್ಳಲಾಗಲಿಲ್ಲವೇ? ಅವನು ಕೇಳಿದ್ದು ಅದೊಂದೇ. ಮೊಣಕೈವರೆಗೆ ಕೈ ಹಾಕಿದರೆ ಈಗಲೇ ಗೊತ್ತಾಗುತ್ತದೆ. ಬೆರಳು ಹೊಟ್ಟಿಗೆ ತಗುಲಿತ್ತು. ಉಗುರಿನ ಸಂದಿಯಲ್ಲಿ ಸ್ಮಶಾನದ ಮಣ್ಣು ಇನ್ನೂ ಇತ್ತು.

ಕೈ ಹಿಂದೆ ತೆಗೆದಳು.

ಮೂಲೆಯಲ್ಲಿ, ಗಾಜಿಗೆ ಒತ್ತಿಕೊಂಡಂತೆ, ನೇರ ಕೆಳಗಿಳಿಯುವ ಒಂದು ತೂತಿತ್ತು. ಅವಳು ಕೋಲು ತಂದು, ಸವೆದ ಜಾಗದಲ್ಲಿ ಹಿಡಿದು, ತನ್ನದೇ ಭಾರಕ್ಕೆ ಇಳಿಯುವಂತೆ ಮೆಲ್ಲಗೆ ಬಿಟ್ಟಳು. ಮೊದಲ ಕಚ್ಚು ಮುಳುಗಿತು. ಎರಡನೆಯದು ಮುಳುಗಿತು. ಮೂರನೆಯದೂ ಮುಳುಗಿ ಕೋಲು ನಿಂತಿತು.

"ಮನೇಲಿದ್ದಾರೆ," ಎಂದಳು, ದನಿ ತಗ್ಗಿಸಿ.

ಕೋಲನ್ನು ಹೊರಗೆಳೆದು, ಒರೆಸಿ, ಬಾಗಿಲ ಹಿಂದೆ ಮೊಳೆಯೊಂದನ್ನು ಹೊಡೆದು ತೂಗುಹಾಕಿದಳು. ಆಮೇಲೆ ಕುರ್ಚಿಯಲ್ಲಿ ಕೂತು, ಮಂಗಳವಾರದಿಂದ ಬಾರದಿದ್ದ ಅಳು ಬಂದಾಗ ಅತ್ತಳು.

ಮರುದಿನ ಬೆಳಿಗ್ಗೆ ನೋಡಿದಾಗ ಸೂರ್ಯಕಾಂತಿ ಬೀಜ ಇಟ್ಟಲ್ಲೇ ಇತ್ತು. ಬಟಾಣಿ ಒಂದೂ ಇರಲಿಲ್ಲ. ಮೂಲೆಯ ಆ ತೂತನ್ನು ಒಳಗಿನಿಂದ ಹುಲ್ಲು ತುರುಕಿ ಮುಚ್ಚಲಾಗಿತ್ತು.